ಬಲೆಗೆ ಬಿದ್ದ ಹಣ್ಣುನೊಣ ಯಾವ ಜಾತಿಯದು?

ಪ್ರಶ್ನೆ: ಪೇರಲ ಗಿಡಕ್ಕೆ ಮಿಥೈಲ್ ಯುಜಿನಾಲ್ ಬಲೆ ಕಟ್ಟಿದ್ದೇವೆ. ಬಿದ್ದ ನೊಣಗಳಲ್ಲಿ ಕೆಲವು ಕಪ್ಪು, ಕೆಲವು ಕೆಂಪು. ಇದು ಗಂಡು-ಹೆಣ್ಣಿನ ಭೇದವೋ, ಜಾತಿಯೇ ಬೇರೆಯೋ? ಪಕ್ಕದ ಹೀರೇಬಳ್ಳಿಯಲ್ಲಿ ಕಾಟ ಏಕೆ ತಗ್ಗಿಲ್ಲ?
– ಓದುಗರು, ಬಾಗಲವಾಡ

ಉತ್ತರ: ಗಂಡು-ಹೆಣ್ಣಿನ ಭೇದವಂತೂ ಅಲ್ಲ. ಮಿಥೈಲ್ ಯುಜಿನಾಲ್ ವಾಸನೆಗೆ ಮರುಳಾಗಿ ಬರುವವು ಹೆಚ್ಚುಕಡಿಮೆ ಎಲ್ಲವೂ ಗಂಡುಗಳೇ. ಹೆಣ್ಣಿಗೆ ಹೊಟ್ಟೆಯ ತುದಿಯಲ್ಲಿ ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ಚೂಪಾದ ನಳಿಕೆ ಇರುತ್ತದೆ. ಗಂಡಿನ ಹೊಟ್ಟೆ ಮೊಂಡು.

ಜಾತಿ ತಿಳಿಯಲು ಬಣ್ಣವನ್ನೇ ನಂಬಬೇಡಿ. ಆಗಷ್ಟೇ ಕೋಶದಿಂದ ಹೊರಬಂದ ನೊಣ ಪೇಲವವಾಗಿರುತ್ತದೆ, ಸತ್ತು ಹಳತಾದದ್ದು ಕಪ್ಪಿಡುತ್ತದೆ. ಮೊದಲು ರೆಕ್ಕೆ ನೋಡಿ. ಒಂದು ರೆಕ್ಕೆ ಬಿಡಿಸಿ ಬಿಳಿ ಹಾಳೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು ಮುಂದಿನ ಅಂಚನ್ನು ಬುಡದಿಂದ ತುದಿಯವರೆಗೆ ಗಮನಿಸಿ. ತೆಳ್ಳನೆಯ ಕಂದು ಪಟ್ಟಿ ಎಲ್ಲೂ ಕಡಿಯದೆ ತುದಿ ಮುಟ್ಟಿದ್ದರೆ ಅದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಇರಬಹುದು; ಮಾವಿಗೆ ದೊಡ್ಡ ಶತ್ರು. ಪಟ್ಟಿ ನಡುವೆಯೇ ಕಡಿದು, ತುದಿಯಲ್ಲಿ ಒಂಟಿ ಚುಕ್ಕೆ ಮಾತ್ರ ಉಳಿದಿದ್ದರೆ ಕರೆಕ್ಟಾ ಅಥವಾ ಜೊನಾಟಾ. ಪೇರಲಕ್ಕೆ ಮೂರೂ ಬೀಳುತ್ತವೆ.

ಕೊನೆಯ ಎರಡನ್ನು ಬೇರ್ಪಡಿಸಲು ಮುಖ ನೋಡಬೇಕು. ಜೊನಾಟಾದ ಮುಖದಲ್ಲಿ ಎರಡು ಕಪ್ಪು ಚುಕ್ಕೆ ಬಿಡಿಬಿಡಿಯಾಗಿವೆ; ಕರೆಕ್ಟಾದಲ್ಲಿ ಅವು ಅಡ್ಡಕ್ಕೆ ಚಾಚಿ ಒಂದೇ ಗೆರೆಯಂತೆ ಕೂಡಿಕೊಳ್ಳುತ್ತವೆ. ಬೆನ್ನು ಕರೆಕ್ಟಾದ್ದು ಕಪ್ಪು, ಜೊನಾಟಾದ್ದು ಕೆಂಗಂದು. ನಿಮ್ಮ ಕೆಂಪು ನೊಣಗಳು ಬಹುಶಃ ಜೊನಾಟಾವೇ. ಆದರೆ ಡಾರ್ಸಾಲಿಸ್‌ನಲ್ಲೂ ಕೆಂಪು ಬೆನ್ನಿನವು ಇರುವುದರಿಂದ ರೆಕ್ಕೆ ನೋಡದೆ ತೀರ್ಮಾನಿಸಬಾರದು.

ಈ ಗುಂಪು ವಿಜ್ಞಾನಿಗಳನ್ನೂ ಕಾಡಿದೆ. 2003ರಲ್ಲಿ ಕೀನ್ಯಾದಲ್ಲಿ ಕಂಡ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂದು ಹೊಸ ಜಾತಿಯ ಹೆಸರೇ ಬಿತ್ತು. ದೇಹದ ಅಳತೆ, ಡಿಎನ್‌ಎ, ಕೂಡುವಿಕೆ ಎಲ್ಲವನ್ನೂ ಒರೆಗೆ ಹಚ್ಚಿ, 2015ರಲ್ಲಿ ಅದನ್ನು ಡಾರ್ಸಾಲಿಸ್‌ಗೇ ಸೇರಿಸಿದರು.

ಇನ್ನು ನಿಮ್ಮ ಹೀರೇಬಳ್ಳಿ. ಅಲ್ಲಿ ಕಾಯಿ ಕೊಳೆಸುತ್ತಿರುವುದು ಹೆಚ್ಚಾಗಿ ಬಳ್ಳಿತರಕಾರಿಯ ನೊಣ, ಕುಕುರ್ಬಿಟೇ. ಮೇಲಿನ ಮೂರಕ್ಕೂ ಬೆನ್ನಿನ ಇಕ್ಕೆಲದಲ್ಲಿ ಒಂದೊಂದು ಹಳದಿ ಗೆರೆ. ಇದಕ್ಕೆ ನಟ್ಟನಡುವೆ ಮೂರನೆಯದೂ ಇದೆ. ರೆಕ್ಕೆಯ ತುದಿಯಲ್ಲಿ ಅಗಲವಾದ ಕಲೆ, ಒಳಗೆ ಅಡ್ಡಪಟ್ಟಿ. ಮಿಥೈಲ್ ಯುಜಿನಾಲ್‌ಗೆ ಇದು ತಿರುಗಿಯೂ ನೋಡದು. ಕ್ಯೂ-ಲೂರ್ ಬಲೆಯೇ ಬೇಕು. ಅದಕ್ಕೂ ಬೀಳುವುದು ಗಂಡುಗಳೇ ಆದ್ದರಿಂದ, ಚುಚ್ಚಿದ ಕಾಯಿಗಳನ್ನು ದಿನಾ ಆರಿಸಿ ಆಳವಾಗಿ ಹೂಳಿ. ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ.

ಅನುಮಾನ ಉಳಿದರೆ ಹತ್ತಿಪ್ಪತ್ತು ನೊಣಗಳನ್ನು ರೆಕ್ಕೆ ಮುರಿಯದಂತೆ ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿ, ಊರು, ಬೆಳೆ, ತಾರೀಖು ಬರೆದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಒಯ್ಯಿರಿ.