ಹಕ್ಕಿಗೆ ಕಾಳು ಹಾಕುವ ಮುನ್ನ

ಹಿತ್ತಲಿಗೆ ಹಕ್ಕಿ ಬರಬೇಕೆನ್ನುವವರು ಮೊದಲು ಕೇಳುವುದು, ಯಾವ ಕಾಳು ಹಾಕಬೇಕು ಅಂತ. ಓಬಳಾಪುರದ ಈ ಕೆಮ್ಮಣ್ಣಿನ ಸೀಮೆಯಲ್ಲಿ ಹಿತ್ತಲು ಮಾಡಿಕೊಂಡು ಬಂದ ನನಗೆ ಅದಕ್ಕಿಂತ ಬೇರೊಂದು ಪ್ರಶ್ನೆ ಮುಖ್ಯ ಅನ್ನಿಸಿದೆ: ಯಾವ ತಿಂಗಳಲ್ಲಿ ಹಕ್ಕಿಗೆ ಹೊರಗೆ ಏನು ಸಿಗುವುದಿಲ್ಲ? ನಮ್ಮ ಅನಂತಪುರ ಜಿಲ್ಲೆಯ ಮಳೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಮುಂಗಾರಿನ ಕೊನೆಗೆ, ಹಿಂಗಾರಿನ ಮುಖದಲ್ಲಿ ಬೀಳುವಂಥದ್ದು. ಸುಗ್ಗಿ ಮುಗಿದ ಮೇಲೆ ಕಣದಲ್ಲಿ, ಕೂಳೆ ಹೊಲದಲ್ಲಿ ಕಾಳು ಬೇಕಾದಷ್ಟು ಚೆಲ್ಲಿರುತ್ತದೆ. ಆಗ ನಮ್ಮ ತಟ್ಟೆಯ ಹಿಡಿ ಜೋಳ ಯಾವ ಲೆಕ್ಕ? ಮಾರ್ಚಿನಿಂದ ಮೇ ಕೊನೆಯವರೆಗೆ ಹಣ್ಣಿಗೂ ನೀರಿಗೂ ಬರ. ಮುಂಗಾರು ಬಿದ್ದ ಕೂಡಲೇ ಗೂಡು, ಮೊಟ್ಟೆ, ಮರಿಗಳ ಕಾಲ. ಆಗ ಬೇಕಾದದ್ದು ಹುಳ. ಹೊರಗೆ ಇರುವುದನ್ನೇ ಮತ್ತೆ ಬಡಿಸುವ ಬದಲು ಇಲ್ಲದ್ದನ್ನು ಒದಗಿಸಬೇಕು ಎಂಬುದು ನನ್ನ ವಾದ.

ಕಾಳಿನ ತಟ್ಟೆಯ ಬಗ್ಗೆ ನನಗೆ ಗುಮಾನಿ ಹುಟ್ಟಲು ಕಾರಣವಿದೆ. ಗುಬ್ಬಿಯ ಕೊಕ್ಕು ಕಾಳು ಒಡೆಯಲೆಂದೇ ದಪ್ಪಗೆ ಮೊಂಡಾಗಿದೆ. ಆದರೂ ಮೊಟ್ಟೆಯಿಂದ ಹೊರಬಂದ ಮರಿಗೆ ಮೊದಲ ದಿನಗಳಲ್ಲಿ ಅದು ತರುವುದು ಮೆತ್ತನೆಯ ಹಸಿರು ಹುಳ, ಗಿಡದ ಹೇನು, ಎಳೆ ಮಿಡತೆ. ಗೀಜಗವೂ ಹಾಗೆಯೇ, ತಾನು ತೆನೆ ತಿಂದರೂ ಮರಿಯ ಬಾಯಿಗೆ ಮಿಡತೆ ಇಡುತ್ತದೆ. ಮಕರಂದ ಹೀರುವ ಸೂರಕ್ಕಿ ಮರಿಗಾಗಿ ಜೇಡ ಹುಡುಕುತ್ತದೆ. ಇದಕ್ಕೆ ಹೊರತಾದವು ಪಾರಿವಾಳ ಮತ್ತು ಬೆಳವ. ಇವುಗಳ ಗಂಟಲ ಚೀಲದ ಒಳಗೋಡೆಯಲ್ಲಿ ಹಾಲಿನಂಥ ಗಟ್ಟಿ ಪದಾರ್ಥ ಊರುತ್ತದೆ, ಅದನ್ನೇ ಕಕ್ಕಿ ಮರಿ ಸಾಕುತ್ತವೆ. ಹಾಗಾಗಿ ಕಾಳೊಂದು ಸಿಕ್ಕರೆ ಸಾಕು, ಹುಳದ ಹಂಗಿಲ್ಲದೆ ವರ್ಷವಿಡೀ ಸಂಸಾರ ಬೆಳೆಸಬಲ್ಲವು. ದಿನವೂ ಕಾಳು ಸುರಿಯುವ ಕಡೆ ಪಾರಿವಾಳವೇ ತುಂಬಿಕೊಂಡು ಉಳಿದವು ಹಿಂದೆ ಸರಿಯುವುದರ ಗುಟ್ಟು ಇದೇ. 2025ರಲ್ಲಿ ಮುಂಬೈ ಪಾಲಿಕೆ ದಾದರ್‌ನಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಜಾಗವಾದ ಕಬೂತರ್‌ಖಾನೆಯನ್ನು ಮುಚ್ಚಿದಾಗ ದೊಡ್ಡ ಗಲಾಟೆಯಾಯಿತು. ಹಿಕ್ಕೆಯ ಧೂಳಿನಿಂದ ಶ್ವಾಸಕೋಶ ಕೆಡುತ್ತದೆ ಎಂದು ಒಂದು ಕಡೆಯವರು, ಹಕ್ಕಿಗೆ ಅನ್ನ ಹಾಕುವುದು ಧರ್ಮ ಎಂದು ಇನ್ನೊಂದು ಕಡೆಯವರು. ಪುಣ್ಯದ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವವನಲ್ಲ. ಆದರೆ ಒಂದೇ ಜಾತಿಯ ಹೊಟ್ಟೆ ತುಂಬಿಸಿ ಉಳಿದವನ್ನು ಓಡಿಸುವ ದಾನದಲ್ಲಿ ಎಷ್ಟು ಪುಣ್ಯವಿದೆಯೋ ಲೆಕ್ಕ ಹಾಕಬೇಕಾದದ್ದೇ.

ಹಕ್ಕಿಗೆ ಕಾಳಷ್ಟೇ ಸಾಲದು, ಹುಳವೂ ಬೇಕು ಎಂಬ ಈ ತಿಳಿವಳಿಕೆ ಹೊಸದೇನೂ ಅಲ್ಲ. ನಮ್ಮ ಓಬಳಾಪುರವಿದ್ದ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯದ್ದು. ಆ ಬಳ್ಳಾರಿ ಸೀಮೆಯ ಎಳ್ಳ ಅಮಾವಾಸ್ಯೆಯ ಚರಗವನ್ನೇ ನೋಡಿ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಲೆ, ಅನ್ನ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಎಡೆಯ ಒಂದು ಪಾಲನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಹಿಂಗಾರಿ ಜೋಳ ತೆನೆ ಹಿರಿಯುವ, ಕಡಲೆ ಹೂ ಕಾಯಿ ಹಿಡಿಯುವ ಹೊತ್ತದು, ಕಾಯಿಕೊರಕ ಹುಳ ಏಳುವ ಹೊತ್ತೂ ಅದೇ. ಅನ್ನದ ಅಗುಳಿಗೆಂದು ಇಳಿದ ಗೊರವಂಕ ಹುಳ ಕಂಡರೆ ಬಿಡುವುದಿಲ್ಲ. ಭೂತಾಯಿಗೆ ಸಲ್ಲಿಸುವ ಎಡೆ ಅದು, ಕೀಟ ನಿಯಂತ್ರಣದ ಉಪಾಯ ಎಂದು ಮಾತ್ರ ಹೇಳಿದರೆ ಹಬ್ಬವನ್ನು ಕುಗ್ಗಿಸಿದಂತೆ. ಆದರೂ ಕಡಲೆ, ತೊಗರಿ ಹೊಲದಲ್ಲಿ ಹಕ್ಕಿ ಕೂರಲು ಅಡ್ಡಪಟ್ಟಿಯ ಕೋಲು ನೆಡಿ ಎಂದು ಕೃಷಿ ತಜ್ಞರು ಹೇಳುವುದೂ, ಕೆಲವು ರೈತರು ಮಂಡಕ್ಕಿ ಎರಚುವುದೂ ಇದೇ ದಾರಿ. ಚೆಲ್ಲಿದ ತಿನಿಸು ಕರೆಯೋಲೆ. ಊಟ ಗಿಡದ ಮೇಲಿರಬೇಕು. ಹಿತ್ತಲಿನ ಗಿಡಕ್ಕೆ ವಿಷ ಹೊಡೆದು ಪಕ್ಕದಲ್ಲಿ ಕಾಳಿನ ತಟ್ಟೆ ಇಟ್ಟರೆ ಗುಬ್ಬಿ ಬಂದೀತು, ಮರಿ ಮಾಡಲಾರದು.

ಹಾಗಾದರೆ ಕಾಳು ಬೇಡವೇ? ಬೇಕು, ಆದರೆ ತೆನೆಯಲ್ಲೇ ಇರಲಿ. ಬೇಲಿಯ ಬದಿಗೆ ಒಂದು ಸಾಲು ಸಜ್ಜೆ, ಒಂದು ಸಾಲು ನವಣೆ ಬಿತ್ತಿದರೆ ರಾಟವಾಳ ದಂಟನ್ನು ಅಪ್ಪಿ ಹಿಡಿದು, ತಲೆ ಕೆಳಗಾಗಿ ಜೋತು, ಹಾಲುಗಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ಉದುರಿಸುತ್ತದೆ. ದಪ್ಪ ಮೈಯ ಪಾರಿವಾಳಕ್ಕೆ ಆ ಸರ್ಕಸ್ಸು ಆಗುವುದಿಲ್ಲ. ಸಜ್ಜೆಯ ಗರಿ ಸೀಳಿ ಗೀಜಗ ಗೂಡಿಗೆ ಒಯ್ಯುವುದು ಮೇಲಿನ ಲಾಭ. ಜಮೀನಿದ್ದವರು ಇದಕ್ಕೆ ತಕರಾರು ತೆಗೆಯುತ್ತಾರೆ: ಹಿಂದೆ ಅಟ್ಟಣೆ ಹತ್ತಿ ಕವಣೆ ಬೀಸಿ ಓಡಿಸುತ್ತಿದ್ದ ಹಕ್ಕಿಯನ್ನು ಈಗ ಕರೆದು ಕೂರಿಸುವುದೇ? ಜೋಳ ಸಜ್ಜೆಗಳೇ ಹೊಟ್ಟೆಪಾಡಾಗಿದ್ದ ಕಾಲಕ್ಕೆ ಅದು ನ್ಯಾಯವಾದ ಮಾತು. ಈಗ ನಮ್ಮ ಹೊಲಗಳ ತುಂಬ ಶೇಂಗಾ. ನೆಲದೊಳಗಿನ ಆ ಕಾಯಿ ರಾಟವಾಳಕ್ಕೆ ದಕ್ಕುವಂಥದ್ದಲ್ಲ. ಕಿರುಧಾನ್ಯ ಹೋದ ಕಡೆ ತೆನೆಹಕ್ಕಿಯ ಬಟ್ಟಲೂ ಹೋಯಿತು. ಪಕ್ಕದವರ ಹೊಲದಲ್ಲಿ ಜೋಳ ತೆನೆಗಟ್ಟಿದ್ದರೆ ಮಾತ್ರ ಈ ಸಾಲನ್ನು ಆ ಬದಿಗೆ ಬಿತ್ತಬೇಡಿ, ಅಷ್ಟು ನೆರೆಹೊರೆತನ ಇರಬೇಕು.

ಶೇಂಗಾದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬೂಸ್ಟು ಹಿಡಿದ, ಮುರುಟಿದ ಬೀಜವನ್ನು ಮನುಷ್ಯರು ತಿನ್ನಲಾಗದು, ಹಕ್ಕಿಗಾದರೂ ಆಗಲಿ ಎಂದು ಎರಚುವ ರೂಢಿ ಇದೆ. 1960ರಲ್ಲಿ ಬ್ರಿಟನ್ನಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಸ್ಟು ಬಿದ್ದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಲೋಕಕ್ಕೆ ಗೊತ್ತಾದದ್ದೇ ಹಾಗೆ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಈ ಬೂಸ್ಟು ಹೆಚ್ಚು, ನಮ್ಮಲ್ಲಿ ಮಳೆ ಕೈಕೊಡುವುದೂ ಆಗಲೇ. ಉಪ್ಪುಖಾರದ ಚೂಡಾ, ಹಳಸಿದ ಅನ್ನ ಕೂಡ ಬೇಡ.

ಬೇಸಿಗೆಗೆ ನನ್ನ ಆಯ್ಕೆ ಗಸಗಸೆ ಹಣ್ಣಿನ ಮರ. ಬೇಗ ಬೆಳೆಯುತ್ತದೆ, ಕಡಿಮೆ ನೀರಿಗೆ ಬದುಕುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ಕೆಂಪು ಹಣ್ಣು ಬಿಡುತ್ತದೆ. ಪಿಕಳಾರ, ಕೋಗಿಲೆ, ಗೊರವಂಕ, ಹೆಬ್ಬೆರಳಿನಷ್ಟು ಉದ್ದದ ಬದನಿಕೆ ಹಕ್ಕಿ, ಎಲ್ಲಕ್ಕೂ ಅದು ಬೇಕು. ಅಮೆರಿಕ ಖಂಡದ ಮರ ನಮಗೇಕೆ ಎನ್ನುವವರ ಆಕ್ಷೇಪಣೆಯಲ್ಲಿ ಹುರುಳಿದೆ. ಹೊರಗಿನಿಂದ ಬಂದ ಬಳ್ಳಾರಿ ಜಾಲಿ ಈ ಸೀಮೆಯ ಹಳ್ಳಕೊಳ್ಳಗಳನ್ನೆಲ್ಲ ಹೇಗೆ ನುಂಗಿದೆ ಎಂಬುದು ಕಣ್ಣ ಮುಂದೆಯೇ ಇದೆ. ಲಂಟಾನದ ಹಣ್ಣು ತಿಂದ ಹಕ್ಕಿಯೇ ಅದನ್ನು ಗುಡ್ಡಕ್ಕೆ ಹಬ್ಬಿಸಿತು. ಲಂಟಾನವನ್ನು ನಾನು ಖಂಡಿತ ನೆಡೆನು. ಗಸಗಸೆ ಮರ ನಮ್ಮ ಒಣ ಗುಡ್ಡದಲ್ಲಿ ಹಾಗೆ ದಟ್ಟವಾಗಿ ಹಬ್ಬಿದ್ದನ್ನು ಕಾಣೆ. ಆದರೂ ಅದನ್ನು ಮಧ್ಯಂತರದ ಏರ್ಪಾಡು ಎಂದೇ ನೋಡುತ್ತೇನೆ. ಜೊತೆಯಲ್ಲೇ ಬೇವು, ಅತ್ತಿ, ಬಾರೆ ನೆಟ್ಟರೆ ಅವು ಬಲಿಯುವಷ್ಟರಲ್ಲಿ ಇದು ಮುದಿಯಾಗಿರುತ್ತದೆ. ಬೇವು ಹಣ್ಣಾಗುವುದು ಮುಂಗಾರಿನ ಹೊತ್ತಿಗೆ, ಬಾರೆ ಚಳಿಗಾಲಕ್ಕೆ. ನುಗ್ಗೆಯ ಹೂವಿಗೆ ಸೂರಕ್ಕಿ ತಪ್ಪದೆ ಬರುತ್ತದೆ, ಮನೆಗೆ ಸಾರಿನ ಕಾಯಿಯೂ ಆಯಿತು.

ಕುಡಿಯುವ ನೀರಿಗೇ ಪರದಾಡುವಲ್ಲಿ ಮರ ಬೆಳೆಸುವುದು ಹೇಗೆ ಎಂದರೆ, ಬಚ್ಚಲ ನೀರು ಹರಿಯುವಲ್ಲಿ ನೆಡಿ ಎನ್ನುತ್ತೇನೆ. ಹಕ್ಕಿಗೆ ಇಡುವ ನೀರು ಮಾತ್ರ ಚೊಕ್ಕಟವಾಗಿರಲಿ. ಅಗಲ ಬಾಯಿಯ, ಎರಡು ಬೆರಳು ಆಳದ ಮಣ್ಣಿನ ತಟ್ಟೆ ಸಾಕು. ಅದನ್ನು ದಿನವೂ ಉಜ್ಜಿ ತೊಳೆಯಬೇಕು. ಬ್ರಿಟನ್ನಿನ ಮನೆತೋಟಗಳ ಕಾಳಿನ ತಟ್ಟೆ, ನೀರಿನ ಬಟ್ಟಲುಗಳ ಸುತ್ತ 2005ರಿಂದೀಚೆಗೆ ಗಂಟಲು ಬೇನೆ ಹರಡಿ ಗ್ರೀನ್‌ಫಿಂಚ್ ಹಕ್ಕಿಗಳು ರಾಶಿರಾಶಿಯಾಗಿ ಸತ್ತಿವೆ. ದಿನಾ ತೊಳೆಯಲು ಪುರಸೊತ್ತಿಲ್ಲದವರು ತಟ್ಟೆ ಇಡದೆ ಒಂದು ನುಗ್ಗೆ ಕೊಂಬೆ ನೆಟ್ಟರೂ ಆದೀತು.