ಹಳೆಯ ಗಾಡಿ, ಇಕ್ಕಟ್ಟಿನ ಬೋಲ್ಟು: ರಾಚೆಟ್ ಸ್ಪ್ಯಾನರ್ ಆರಿಸುವ ಕ್ರಮ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಸಣ್ಣ ಬೆಳೆಗಾರರಲ್ಲಿ ಹಳೆಯ ಜೀಪು, ಟ್ರ್ಯಾಕ್ಟರುಗಳನ್ನೇ ನಂಬಿ ದುಡಿಯುವವರು ಇಂದಿಗೂ ಇದ್ದಾರೆ. ಅಡಿಕೆ ಕೊಯ್ಲೂ ಕಾಫಿ ಕೊಯ್ಲೂ ಒಟ್ಟಿಗೆ ಬೀಳುವ ಡಿಸೆಂಬರ್ ಸುಮಾರಿಗೆ ಗಾಡಿ ಕೆಟ್ಟು ನಿಂತರೆ, ಇಳಿಸಿದ ಗೊನೆ ತೋಟದಲ್ಲೇ ಉಳಿಯುತ್ತದೆ. ಕಾಫಿ ಹಣ್ಣು ಚೀಲದಲ್ಲೇ ಬಿಸಿಯೇರಿ ಕೆಡುತ್ತದೆ. ಕೈ ಆಡದ ಮೂಲೆಯಲ್ಲಿ ಒಂದು ನಟ್ಟಿನ ಅಂಚು ಸವೆದುಹೋದರೆ ಅರ್ಧ ಗಂಟೆಯ ರಿಪೇರಿಗೆ ಇಡೀ ದಿನ ಹಿಡಿಯುತ್ತದೆ. ಆದುದರಿಂದ ರಾಚೆಟ್ ಸ್ಪ್ಯಾನರನ್ನು ಬೆಲೆಗಿಂತ ಮೊದಲು ಅಳತೆ, ಹಲ್ಲು, ತಲೆಯ ದಪ್ಪ ಈ ಮೂರನ್ನು ನೋಡಿ ಕೊಳ್ಳತಕ್ಕದ್ದು.

1. ಅಳತೆ

ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ಜೋಡಿಸಲು ತೊಡಗಿದ ವಿಲ್ಲೀಸ್ ಜೀಪು ಅಮೆರಿಕದ ವಿನ್ಯಾಸದ್ದು. ಅದರ ಬೋಲ್ಟುಗಳು ಇಂಚಿನವು. ಮುಂದೆ ಮಹೀಂದ್ರ ಜೀಪುಗಳಿಗೆ ಬಂದ ಪ್ಯೂಜೋ ಡೀಸೆಲ್ ಎಂಜಿನ್ನಿನದು ಮಿಲಿಮೀಟರ್ ಅಳತೆ. ಹೀಗಾಗಿ ಒಂದೇ ಗಾಡಿಯಲ್ಲಿ ಎರಡೂ ಅಳತೆಯ ಬೋಲ್ಟು ಸಿಗುವುದುಂಟು.

ಅರ್ಧ ಇಂಚು ಎಂದರೆ 12.7 ಮಿ.ಮೀ. ಇದಕ್ಕೆ 13ರ ಸ್ಪ್ಯಾನರ್ ಹಾಕಿದರೆ 0.3 ಮಿ.ಮೀ. ಸಡಿಲ ಉಳಿಯುತ್ತದೆ, ತುಕ್ಕು ಹಿಡಿದ ನಟ್ಟಿನ ಮೂಲೆ ಕೆಡಲು ಅಷ್ಟು ಸಾಕು. 9/16 ಇಂಚು ಎಂದರೆ 14.3 ಮಿ.ಮೀ. ಇದಕ್ಕೆ 14 ಕೂರದು, 15 ಜಾರುತ್ತದೆ. ಮುಕ್ಕಾಲು ಇಂಚಿಗೆ ಮಾತ್ರ 19ರ ಸ್ಪ್ಯಾನರ್ ಬಹುಮಟ್ಟಿಗೆ ಒಪ್ಪುತ್ತದೆ. ಅಂಗಡಿಗೆ ಹೋಗುವ ಮುನ್ನ ಗಾಡಿಯ ಬೋಲ್ಟುಗಳನ್ನು ಉಜ್ಜಿ, ಅಳೆದು, ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

2. ಹಲ್ಲು

ಹನ್ನೆರಡು ಮೂಲೆಯ ಸಾಧಾರಣ ರಿಂಗ್ ಸ್ಪ್ಯಾನರಿಗೆ ಪ್ರತಿ ಸಲ 30 ಡಿಗ್ರಿ ತಿರುಗಲು ಜಾಗ ಬೇಕು. ರಾಚೆಟ್ಟಿನಲ್ಲಿ 360ನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಬೇಕು. 24 ಹಲ್ಲಿಗೆ 15 ಡಿಗ್ರಿ, 36ಕ್ಕೆ 10, 72ಕ್ಕೆ ಕೇವಲ 5 ಡಿಗ್ರಿ.

ಒಂದು ಉದಾಹರಣೆ. 5/16 ಇಂಚಿನ ಸಣ್ಣ ಮರೆಯ ಬೋಲ್ಟಿಗೆ ಇಂಚಿಗೆ 24 ಮರೆ. ಅರ್ಧ ಇಂಚು ಒಳಗೆ ಹೋಗಿದ್ದರೆ ಹೊರಬರಲು 12 ಸುತ್ತು. 30 ಡಿಗ್ರಿ ಮಾತ್ರ ಆಡುವ ಜಾಗದಲ್ಲಿ ರಿಂಗನ್ನು 144 ಸಲ ತೆಗೆದು ಹಾಕಬೇಕು. ರಾಚೆಟ್ಟನ್ನು ತೆಗೆಯದೆ ಹಿಂದೆ ಮುಂದೆ ಆಡಿಸಿದರೆ ಸಾಕು.

3. ತಲೆ

ಹಿಡಿಗೆ ಸಾಕೆಟ್ ಸಿಕ್ಕಿಸುವ ರಾಚೆಟ್ಟಿಗೆ ಬೋಲ್ಟಿನ ಮೇಲೆ ಎತ್ತರದ ಜಾಗ ಬೇಕು. ಮೇಲುಗಡೆ ಜಾಗವಿಲ್ಲದ ಕಡೆ ತೆಳುವಾದ ರಾಚೆಟ್ ರಿಂಗ್ ಸ್ಪ್ಯಾನರೇ ಸರಿ. ಪಟ್ಟಿ ಸ್ಪ್ರಿಂಗಿನ ಯು-ಬೋಲ್ಟಿನಂತೆ ನಟ್ಟಿನಾಚೆ ಮರೆ ಉದ್ದವಾಗಿ ಚಾಚಿದ್ದರೂ ಇದರ ತೂತಿನಲ್ಲಿ ಅದು ಹಾದುಹೋಗುತ್ತದೆ. ಗಿಡ್ಡ ಸಾಕೆಟ್ ಅಲ್ಲಿ ತಳ ಮುಟ್ಟಿ ನಿಲ್ಲುತ್ತದೆ. ಸವೆದ ನಟ್ಟಿಗೆ ಹನ್ನೆರಡಕ್ಕಿಂತ ಆರು ಮೂಲೆಯದು ಗಟ್ಟಿ ಹಿಡಿತ ಕೊಡುತ್ತದೆ.

ತಿರುಗಿಸುವ ದಿಕ್ಕು ಬದಲಿಸಲು ಸಣ್ಣ ಗುಂಡಿ ಇರುವುದನ್ನೇ ಕೊಳ್ಳಿರಿ. ಗುಂಡಿ ಇಲ್ಲದ್ದರಲ್ಲಿ ಸ್ಪ್ಯಾನರನ್ನೇ ಮಗುಚಿ ಹಾಕಬೇಕು. ಬಿಚ್ಚುತ್ತಾ ಹೋದಂತೆ ಬೋಲ್ಟಿನ ತಲೆ ಎದುರಿನ ತಗಡಿಗೆ ತಾಗಿದರೆ ಸ್ಪ್ಯಾನರ್ ನಡುವೆ ಸಿಕ್ಕಿಬೀಳುತ್ತದೆ. ಹಿಂದಕ್ಕೂ ಬಿಗಿಯಲಾಗದು, ಹೊರಕ್ಕೂ ಬಾರದು.

4. ಬಳಕೆ

ಬಿಗಿದ ಬೋಲ್ಟಿನ ಮೊದಲ ಪಟ್ಟು ಬಿಡಿಸುವುದು ರಾಚೆಟ್ಟಿನ ಕೆಲಸವಲ್ಲ. ಸಣ್ಣ ಹಲ್ಲುಗಳು ಮುರಿದಾವು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಸಾಧಾರಣ ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ರಾಚೆಟ್ ಹಾಕಬೇಕು. ಕೊನೆಯ ಬಿಗಿತವನ್ನೂ ಹಾಗೆಯೇ ರಿಂಗಿನಿಂದ ಕೊಡಬೇಕು. ರಾಚೆಟ್ಟಿನ ಹಿಡಿಗೆ ಪೈಪು ಸಿಕ್ಕಿಸುವುದು, ಸುತ್ತಿಗೆಯಿಂದ ಬಡಿಯುವುದು ಸಲ್ಲದು. ಕಡೂರು ಬಯಲಿನ ಧೂಳೂ ಲಿಂಗದಹಳ್ಳಿ ಕಡೆಯ ಮಳೆಯೂ ಇದರ ತಲೆಗೆ ಸಮಾನ ಶತ್ರುಗಳು. ಕೆಲಸ ಮುಗಿದ ಮೇಲೆ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಸುತ್ತಿಡಿರಿ.

5. ಎಚ್ಚರಿಕೆ

ಸ್ಟಾರ್ಟರ್ ಮೋಟಾರಿನ ಬೋಲ್ಟಿಗೆ ಕೈಹಾಕುವ ಮುಂಚೆ ಬ್ಯಾಟರಿಯಿಂದ ಚಾಸಿಗೆ ಹೋಗುವ ತಂತಿಯನ್ನು ಬಿಚ್ಚಿರಿ. ಇಕ್ಕಟ್ಟಿನಲ್ಲಿ ಸ್ಪ್ಯಾನರ್ ಒಂದು ಕಡೆ ಸ್ಟಾರ್ಟರ್ ತಂತಿಯ ತುದಿಗೆ, ಇನ್ನೊಂದು ಕಡೆ ಚಾಸಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡುತ್ತದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರನ್ನೂ ನುಗ್ಗಿಸಬಾರದು. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಟ್ಟು, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಟ್ಟ ಮೇಲೆಯೇ ಕೆಲಸ.

6. ಕೊಳ್ಳುವ ಕ್ರಮ

ಎಲ್ಲವನ್ನೂ ಒಂದೇ ಸಲಕ್ಕೆ ಕೊಳ್ಳಬೇಕಾಗಿಲ್ಲ. ಮೊದಲು ಎರಡೂ ಅಳತೆಯ ಒಳ್ಳೆಯ ರಿಂಗ್ ಸ್ಪ್ಯಾನರುಗಳು. ಬಳಿಕ ಚೀಟಿಯಲ್ಲಿ ಹೆಚ್ಚು ಸಲ ಬಂದ ಮೂರು ನಾಲ್ಕು ಅಳತೆಗಳಲ್ಲಿ, 72 ಹಲ್ಲಿನ ರಾಚೆಟ್ ರಿಂಗ್‌ಗಳು. ಕೊನೆಗೆ 3/8 ಇಂಚಿನ ಹಿಡಿ, ಸಾಕೆಟ್, ಒಂದು ಉದ್ದ ಎಕ್ಸ್‌ಟೆನ್ಷನ್. ನೆರೆಯ ನಾಲ್ಕು ಮನೆಯವರು ಸೇರಿ ಒಂದು ಸೆಟ್ಟು ತಂದು, ಯಾರ ಮನೆಯಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಖರ್ಚು ಹಂಚಿಹೋಗುತ್ತದೆ. ಕೊಯ್ಲಿನ ದಿನ ಕೈಗೂ ಸಿಗುತ್ತದೆ. ಕೊಯ್ಲಿಗೆ ಮುಂಚಿನ ಬಿಡುವಿನಲ್ಲೇ ಬೋಲ್ಟು ಅಳೆಯುವ ಕೆಲಸ ಮುಗಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿ.