ಪಶುಗಳ ಕರುಳು, ಶ್ವಾಸನಾಳಗಳಲ್ಲಿ ಹಾರ್ಮೋನು ಕೋಶಗಳ ಎಣಿಕೆ

ಹೊಲದ ಕಳೆಯನ್ನು ಅಳೆಯಲು ನಾವು ಒಂದು ಮೀಟರ್ ಚೌಕಟ್ಟನ್ನು ಅಲ್ಲಲ್ಲಿ ಇಟ್ಟು ಒಳಗಿನ ಗಿಡಗಳನ್ನು ಎಣಿಸುತ್ತೇವೆ. ಪಶುಗಳ ಕರುಳಿನಲ್ಲಿ ಹಾರ್ಮೋನು ಸ್ರವಿಸುವ ಕೋಶಗಳನ್ನು ಎಣಿಸುವುದೂ ಇಂಥದೇ ಕೆಲಸ; ಆದರೆ ತಪ್ಪಿಗೆ ಎಡೆ ಹೆಚ್ಚು.

1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಸಣ್ಣ ಕರುಳಿನ ಒಳಪೊರೆಯ ಸಾರವನ್ನು ನಾಯಿಯ ರಕ್ತಕ್ಕೆ ಸೇರಿಸಿದಾಗ ಮೇದೋಜೀರಕ ಗ್ರಂಥಿಯಿಂದ ರಸ ಸುರಿಯಿತು. ಆ ವಸ್ತುವೇ ಸೆಕ್ರೆಟಿನ್. ಇಂತಹ ಹಾರ್ಮೋನುಗಳನ್ನು ತಯಾರಿಸುವ ಕೋಶಗಳು ಕರುಳಿನ ಒಳಪೊರೆಯಲ್ಲಿ ನೂರಕ್ಕೆ ಸುಮಾರು ಒಂದು. ಶ್ವಾಸನಾಳದಲ್ಲಿ ಇನ್ನೂ ವಿರಳ. ಅಲ್ಲಿ ಕೆಲವು ಒಂಟಿಯಾಗಿದ್ದರೆ, ಕೆಲವು ನಾಳ ಕವಲೊಡೆಯುವೆಡೆ ಗುಂಪುಗೂಡಿರುತ್ತವೆ. ಆದ್ದರಿಂದ ಕವಲುಗಳನ್ನಷ್ಟೇ ನೋಡಿ ಎಣಿಸುವುದು, ಬದುವಿನ ಪಕ್ಕದಲ್ಲೇ ಚೌಕಟ್ಟು ಇಟ್ಟು ಇಡೀ ಹೊಲದ ಕಳೆಯ ಲೆಕ್ಕ ಹೇಳಿದಂತೆ.

ಹಿಂದೆ ಈ ಕೋಶಗಳನ್ನು ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಗುರುತಿಸುತ್ತಿದ್ದರು. ಈಗ ಅವುಗಳಲ್ಲಿರುವ ಕ್ರೋಮೊಗ್ರಾನಿನ್ ಎಂಬ ಸಸಾರಜನಕಕ್ಕೆ ಅಂಟುವ ಪ್ರತಿಕಾಯಗಳನ್ನು ಬಳಸುತ್ತಾರೆ. ಕರುಳಿನ ತುಣುಕನ್ನು ಸುಮಾರು 5 ಮೈಕ್ರಾನ್, ಅಂದರೆ ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗದಷ್ಟು ತೆಳುವಾಗಿ ಕೊಯ್ಯುತ್ತಾರೆ. ತೊಡಕು ಇಲ್ಲಿದೆ. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿದರೆ ಒಂದೇ ಬೀಜ ಎರಡು ಮೂರು ಬಿಲ್ಲೆಗಳಲ್ಲಿ ಕಾಣುತ್ತದೆ. ದಪ್ಪ ಬೀಜ ಇನ್ನೂ ಹೆಚ್ಚು ಬಿಲ್ಲೆಗಳಲ್ಲಿ. ಎಲ್ಲವನ್ನೂ ಕೂಡಿದರೆ ಲೆಕ್ಕ ಉಬ್ಬುತ್ತದೆ. ಕೋಶ ಹಿಗ್ಗಿದ್ದನ್ನೇ ಸಂಖ್ಯೆ ಹೆಚ್ಚಿತೆಂದು ಭಾವಿಸುವ ಅಪಾಯವೂ ಉಂಟು. 1984ರಲ್ಲಿ ಪ್ರಕಟವಾದ ಡೈಸೆಕ್ಟರ್ ವಿಧಾನ ಇದಕ್ಕೆ ಪರಿಹಾರ ನೀಡಿತು: ಒಂದು ಬಿಲ್ಲೆಯಲ್ಲಿ ಕಂಡು ಮುಂದಿನದರಲ್ಲಿ ಕಾಣದ ಕೋಶವನ್ನು ಮಾತ್ರ ಎಣಿಸುವುದು. ಹೀಗೆ ಮಾಡಿದರೆ ಪ್ರತಿ ಕೋಶವೂ ಒಮ್ಮೆಯೇ ಲೆಕ್ಕಕ್ಕೆ ಬರುತ್ತದೆ.

ಯಾವುದಕ್ಕೆ ಎಷ್ಟು ಎಂಬುದೂ ಮುಖ್ಯ. ಜಂತುಬಾಧೆಯಿಂದ ಕುರಿಯ ಕರುಳಿನ ಒಳಪೊರೆ ಸವೆದು ಉಳಿದ ಕೋಶಗಳು ಅರ್ಧಕ್ಕಿಳಿದರೆ, ಹಾರ್ಮೋನು ಕೋಶ ಒಂದೂ ಹೆಚ್ಚದಿದ್ದರೂ ನೂರಕ್ಕೆ ಒಂದಿದ್ದದ್ದು ಎರಡಾಗಿ ತೋರುತ್ತದೆ. ಆದಕಾರಣ ಪಶು ಆಹಾರದ ಕರಪತ್ರದಲ್ಲಿ 'ಹಾರ್ಮೋನು ಕೋಶ ಇಮ್ಮಡಿ' ಎಂದು ಓದಿದರೆ, ಎಣಿಸಿದ್ದು ಹೇಗೆ, ಯಾವುದರ ಲೆಕ್ಕದಲ್ಲಿ ಎಂದು ಕೇಳಿರಿ. ಗಿಡವೊಂದರ ಇಳುವರಿ ಹೇಳಿ, ಎಕರೆಗೆ ಎಷ್ಟು ಗಿಡವೆಂದು ಹೇಳದ ಬೀಜದ ವ್ಯಾಪಾರಿಯನ್ನು ನೀವು ನಂಬುವಿರಾ?

ಎಣಿಕೆ ಎಷ್ಟೇ ಜಾಣತನದ್ದಾದರೂ ತುಣುಕು ಕೆಟ್ಟಿದ್ದರೆ ಪ್ರಯೋಜನವಿಲ್ಲ. ಪ್ರಾಣ ಹೋದ ಕೆಲವೇ ನಿಮಿಷಗಳಲ್ಲಿ ಕರುಳಿನ ಒಳಪೊರೆ ಕಳಚತೊಡಗುತ್ತದೆ. ತುಣುಕನ್ನು ಒಡನೆಯೇ ಅದರ ಹತ್ತು ಪಟ್ಟು ಪ್ರಮಾಣದ ಶೇಕಡಾ 10ರ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಬೇಕು. ರೋಗ ಪತ್ತೆಗೂ ಇದೇ ಮಾತು. ಕುರಿಯಾಗಲಿ ದನವಾಗಲಿ ಸತ್ತರೆ ಪಶುವೈದ್ಯರಿಗೆ ಆಗಲೇ ತಿಳಿಸಿರಿ. ಹಠಾತ್ತನೆ ಸತ್ತ ಪಶುವಿನ ಮೂಗು, ಗುದದ್ವಾರಗಳಿಂದ ರಕ್ತ ಸೋರುತ್ತಿದ್ದರೆ ಮಾತ್ರ ಹೆಣವನ್ನು ಯಾರೂ ಕೊಯ್ಯಕೂಡದು, ಅದು ನೆರಡಿ ರೋಗವಿರಬಹುದು.